ಕೂಲಂಟ್ ಎಲ್ಲಿ ಹೋಯಿತು

ಕಾರಿನ ಕೂಲಂಟ್, ಎಂಜಿನ್ ತಂಪಿಡುವ ನೀರು, ಇಳಿಯುತ್ತಿತ್ತು. ವಾರಕ್ಕೊಮ್ಮೆ ತುಂಬಿದರೂ ಡಬ್ಬಿ ಖಾಲಿ, ನೆಲದ ಮೇಲೆ ಒಂದು ಹನಿ ಇಲ್ಲ. ಬೆಳಗಿನ ಏಳಕ್ಕೆ ನಾನು ಮುಧೋಳದ ಒಂದು ಆಸ್ಪತ್ರೆಯ ಲ್ಯಾಬಿನ ಬಾಗಿಲು ತೆಗೆಯಬೇಕು. ಬನಹಟ್ಟಿಯಿಂದ ಆ ಹೊತ್ತಿಗೆ ಮುಟ್ಟಲು ಕಾರೇ ಗತಿ; ಅದು ಹೋದರೆ ಕೆಲಸವೂ ಹೋದಂತೆ. ಕಾರಿನ ಸರ್ವಿಸು ಗಂಡನ ಕೈಯಲ್ಲಿತ್ತು. ಅವರಿಗೆ ಹೇಳಿದೆ. ಹಳೇ ಗಾಡಿ, ಕುಡಿಯುತ್ತದೆ ಎಂದರು.

ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಚಳಿಗೆ ಎಂದರು. ಮಹಾಲಿಂಗಪುರ ದಾಟಿ ಎಂಜಿನ್ ಕಾದ ಮೇಲೂ ಹೊಗೆ ನಿಲ್ಲಲಿಲ್ಲ, ಜತೆಗೆ ಸಿಹಿ ವಾಸನೆ. ಅದಕ್ಕೂ ಉತ್ತರ ತಯಾರಿತ್ತು: ಕಬ್ಬಿನ ಸೀಜನ್, ಗಾಣಗಳಲ್ಲಿ ಬೆಲ್ಲ ಕಾಸುತ್ತಿದ್ದಾರೆ. ದಾರಿಯುದ್ದಕ್ಕೂ ಗಾಣಗಳಿದ್ದದ್ದು ಖರೆ, ನಂಬಿದೆ. ಊರವರ ರಕ್ತ, ಮೂತ್ರ ನೋಡಿ ರೋಗ ಹಿಡಿಯುವವಳು ನಾನು, ಕೂಲಂಟ್ ಸುಟ್ಟ ನನ್ನ ಕಾರಿನ ಹೊಗೆಯನ್ನು ಬೆಲ್ಲವೆಂದು ಮೂಗು ಅರಳಿಸಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು ದಿನ ಆಯಿಲ್ ಮುಚ್ಚಳ ತೆಗೆದೆ. ಒಳಗೆ ಹಾಲಿನ ಕೆನೆಯಂಥ ರಾಡಿ. ನೀರು, ಎಣ್ಣೆ ಕೂಡದಂತೆ ಎಂಜಿನ್ನಿನೊಳಗೆ ಒಂದು ತೆಳು ಹಾಳೆ ಇರುತ್ತದೆ, ಹೆಡ್ ಗ್ಯಾಸ್ಕೆಟ್. ಅದು ಸೀಳಿಹೋಗಿದೆ ಎನ್ನಲು ಇನ್ನೇನು ಬೇಕು? ಮುಚ್ಚಳವನ್ನು ಗಂಡನ ಮುಂದೆ ಹಿಡಿದೆ. ಪೇಪರಿನಿಂದ ತಲೆ ಎತ್ತದೆ, ತೋರಿಸೋಣ ಎಂದರು. ಎರಡು ದಿನಕ್ಕೆ ದಾರಿಯಲ್ಲೇ ಕಾವಿನ ಮುಳ್ಳು ಕೆಂಪಿಗೇರಿತು. ಬದಿಗೆ ಹಾಕುವಷ್ಟರಲ್ಲಿ ಎಂಜಿನ್ ನಿಂತುಬಿಟ್ಟಿತು.

ಎಳೆದೊಯ್ಯಲು ಬಂದ ಗ್ಯಾರೇಜಿನವನನ್ನು ತರಾಟೆಗೆ ತಗೊಂಡೆ. ಸರ್ವಿಸು ಮಾಡುವಾಗ ಕಣ್ಣು ಎಲ್ಲಿಟ್ಟಿದ್ದಿ ಎಂದೆ. ಅವನು ನನ್ನ ಮುಖ ನೋಡಲಿಲ್ಲ.

"ಅಕ್ಕಾರ, ಗ್ಯಾಸ್ಕೆಟ್ ಹೋಗಾಕತ್ತೈತಿ ಅಂತ ದೀಪಾವಳಿ ಮುಂದನ ಸಾಹೇಬರಿಗೆ ಹೇಳಿದ್ನಿರಿ. ಆವಾಗ ಸಣ್ಣ ಕೆಲಸ ಇತ್ತು. ಇರ್ಲಿ ಬಿಡು ಅಂದ್ರು."

ಮನೆಗೆ ಬಂದು ಕೇಳಿದೆ. ಅವರು ಸುಳ್ಳು ಹೇಳುವ ತೊಂದರೆಯನ್ನೂ ತಗೊಳ್ಳಲಿಲ್ಲ.

"ಗೊತ್ತಿತ್ತು. ಗಾಡಿ ಕೆಟ್ರ ನೌಕರಿ ಬಿಟ್ಟು ಮನ್ಯಾಗ ಇರ್ತಿ ಅಂತ ಸುಮ್ಮನಿದ್ನಿ."

ಹನ್ನೊಂದು ವರ್ಷ ಈ ಮನುಷ್ಯನ ಜತೆ ಬಾಳಿದೆನಲ್ಲ ಎಂದು ಹೇಸಿಗೆಯಾಯಿತು.

ಮುಧೋಳದಲ್ಲಿ ಆಸ್ಪತ್ರೆಯ ಹಿಂದೆ ಒಂದು ಕೋಣೆ ಹಿಡಿದೆ. ಏಳಕ್ಕೆ ಐದು ನಿಮಿಷ ಇರುವಾಗ ಚಪ್ಪಲಿ ಮೆಟ್ಟಿದರೆ ಸಾಕು. ಕಾರಿಗೆ ಬೇರೆ ಎಂಜಿನ್ ಕೂರಿಸಿಕೊಂಡು ಈಗ ಅವರೇ ಆಗಾಗ ಕರೆಯಲು ಬರುತ್ತಾರೆ. ಕೆಳಗೆ ಹಾರ್ನ್ ಹೊಡೆಯುತ್ತಾರೆ. ನಾನು ಬಾಗಿಲು ತೆಗೆಯುವುದಿಲ್ಲ.