ಚಿಗವ್ವನ ಬಾಸುಂದಿ

ಚಿಗವ್ವನ ಹೆಬ್ಬೆರಳಿಗೆ ಆ ದಿನ ಬಟ್ಟೆ ಸುತ್ತಿತ್ತೋ, ಆಮೇಲೆ ನನ್ನ ನೆನಪೇ ಅದನ್ನು ಸುತ್ತಿತೋ, ಹೇಳಲಾರೆ. ಉಳಿದದ್ದನ್ನೂ ಪೂರ್ತಿ ನಂಬಬೇಡಿ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಶೇಡಬಾಳದಲ್ಲಿ ಸಂಬಂಧಿಕರ ಮದುವೆ. ಬಾಸುಂದಿ ಮಾಡಿದವಳು ಚಿಗವ್ವ, ನನ್ನ ಅವ್ವನ ತಂಗಿ. ಅಥಣಿಯಿಂದ ನಿಪ್ಪಾಣಿಯವರೆಗೆ ಮದುವೆಯವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅದೇ ಅವಳ ಹೆಮ್ಮೆ. ಹತ್ತಕ್ಕೆ ಊಟ ಶುರುವಾಯಿತು. ಹನ್ನೆರಡರೊಳಗೆ ಹಲವರಿಗೆ ವಾಂತಿ. ಆಮೇಲೆ ಎಲ್ಲರೂ ಚೇತರಿಸಿಕೊಂಡರು, ಆದರೆ ಎಲ್ಲರ ಕಣ್ಣೂ ಚಿಗವ್ವನ ಮೇಲೆ.

ನಾನಾಗ ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದುತ್ತಿದ್ದೆ. ಬಾಸುಂದಿಯನ್ನು ಪರೀಕ್ಷೆ ಮಾಡುತ್ತೇನೆ ಎಂದೆ.

"ನೀನೂ ಮೂರ ವಾಟಿ ಹೊಡದೀಯಲ್ಲೋ, ನಿನಗ್ಯಾಕ ಏನೂ ಆಗಿಲ್ಲ?" ಎಂದು ಮದುಮಗಳ ಕಾಕಾ ಕೆಣಕಿದ.

"ಒಬ್ಬನ ಹೊಟ್ಟಿ ಪುರಾವೆ ಅಲ್ರಿ."

ಚಿಗವ್ವ ತಾನೇ ಬಾಟಲಿ ಕುದಿಸಿ, ತುಂಬಿ ಕೊಟ್ಟಳು. "ತಗೊಂಡ ಹೋಗಪಾ. ಕಲತಾಂವ ನೀ. ನಂದೇನೂ ತಪ್ಪಿಲ್ಲಂತ ಬರಕೊಂಡ ಬಾ."

ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಪ್ರಯೋಗಾಲಯದಲ್ಲಿ ಬಾಸುಂದಿಯನ್ನು ಹತ್ತು, ನೂರು, ಸಾವಿರ ಪಟ್ಟು ತೆಳುಮಾಡಿ, ಉಪ್ಪು ಬೆರೆಸಿದ ಅಗರ್ ತಟ್ಟೆಗಳ ಮೇಲೆ ಹರವಿ ಬೆಚ್ಚಗಿಟ್ಟೆ. ಎರಡು ದಿನಕ್ಕೆ ಬಂಗಾರದ ಬಣ್ಣದ ಚುಕ್ಕೆಗಳೆದ್ದವು: ಗಾಯದ ಕೈಯಿಂದ ಅಡುಗೆಗೆ ಇಳಿಯುವ ಬ್ಯಾಕ್ಟೀರಿಯಾ. ತಟ್ಟೆಯ ಬೆನ್ನಿಗೆ ಶಾಯಿಯ ಬೊಟ್ಟಿಡುತ್ತ ಎಣಿಸಿದೆ. ಕೊನೆಯ ತಟ್ಟೆಯಲ್ಲೂ ಇನ್ನೂರು ದಾಟಿತು. ನನಗೆ ದುಃಖವಾಗಲಿಲ್ಲ. ಖುಷಿಯಾಯಿತು.

ಮುಂದಿನ ವಾರ ಅವಳ ಮನೆಯ ಪಡಸಾಲೆಯಲ್ಲಿ, ನಾಲ್ಕು ಜನರೆದುರು, ಆ ಸಂಖ್ಯೆಯನ್ನು ಓದಿ ಹೇಳಿದೆ. ಚಿಗವ್ವ ಅಂಗೈ ನೋಡಿಕೊಂಡಳು.

"ಹಂಗಾದ್ರ ನನ್ನ ಕೈಲೇ ಆಗೈತಿ ಅಂತಿ?"

"ಹೂಂ, ಚಿಗವ್ವಾ."

ಆಮೇಲೆ ಯಾರೂ ಅವಳನ್ನು ಮದುವೆಗೆ ಅಡುಗೆಗೆಂದು ಕರೆಯಲಿಲ್ಲ. ನಾನು ಊಟಕ್ಕೆ ಕೂತರೆ ಸೊಸೆಗೆ ಹೇಳುತ್ತಿದ್ದಳು: "ಅಂವಗ ನೀ ಬಡಸವಾ."

ಅವಳು ತೀರಿಕೊಂಡು ಎರಡು ವರ್ಷವಾಗಿತ್ತು; ನಾನಾಗ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು, ಇಲ್ಲದಿದ್ದರೆ ಎಣಿಕೆಯನ್ನು ನಂಬುವಂತಿಲ್ಲ, ಸೆಕೆಯಲ್ಲಿ ಈ ಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಡುವೆಯೇ ನಿಂತೆ. ಆ ಬಾಟಲಿ? ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಐಸ್ ಕೊಂಡ ನೆನಪು. ಒದ್ದೆ ಗೋಣಿಚೀಲದ ನೆನಪೂ ಇತ್ತು. ಆ ವಾರವೇ ಧಾರವಾಡಕ್ಕೆ ಹೋಗಿ ಪ್ರಯೋಗಾಲಯದ ಹಳೆಯ ರಿಜಿಸ್ಟರ್ ತೆಗೆಸಿದೆ. ಮಾದರಿ ತೆಗೆದದ್ದು ಮಧ್ಯಾಹ್ನ ಹನ್ನೆರಡೂವರೆ, ಪರೀಕ್ಷೆಗಿಟ್ಟದ್ದು ಸಂಜೆ ಏಳು, ಮಂಜುಗಡ್ಡೆ ಇಲ್ಲ. ಅಕ್ಷರ ನನ್ನದೇ.