ಅಕ್ಕನ ಗುಬ್ಬಿ ಹೊಟ್ಟೆ

ಹಾನಗಲ್ಲಿನ ಡಾಕ್ಟರು ಕೇಳಿದ್ದು ಬಹಳ ಸರಳ ಪ್ರಶ್ನೆ. "ಮೊದಲ ಇವರು ಊಟಕ್ಕ ಎಷ್ಟು ರೊಟ್ಟಿ ತಿಂತಿದ್ರು?"

ಅವರ ಎದುರು ಕುರ್ಚಿಯಲ್ಲಿದ್ದವಳು ನನ್ನ ಒಡಹುಟ್ಟಿದ ಅಕ್ಕ. ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಎರಡು ತಿಂಗಳಾಗಿತ್ತು. ಮೂವತ್ತೈದು ವರ್ಷ, ಉತ್ತರ ಹೇಳದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ನಿವೃತ್ತಳಾದ ಟೀಚರು ನಾನು. ಅಂದು ಬಾಯಿ ಕಟ್ಟಿ ನಾನೇ ನಿಂತೆ.

ನಮ್ಮ ತವರು ಹಿರೇಬೆಂಡಿಗೇರಿ. ಅಪ್ಪ ಒಂದೇ ಹಂದರದಲ್ಲಿ ನಮ್ಮಿಬ್ಬರನ್ನೂ ಅಕ್ಕಿಆಲೂರಿನ ಅಣ್ಣತಮ್ಮಂದಿರಿಗೆ ಕೊಟ್ಟು ಕೈತೊಳೆದುಕೊಂಡ. ಅಕ್ಕತಂಗಿಯರು ನೆಗೆಣ್ಣಿಯರಾದರೆ ಮನೆ ಒಡೆಯುವುದಿಲ್ಲ ಎಂದು ಬೀಗರೆಲ್ಲ ಹೊಗಳಿದರು. ಒಡೆಯಲಿಲ್ಲ, ನಿಜ. ಅದನ್ನು ಹಿಡಿದು ನಿಲ್ಲಿಸಿದವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅಕ್ಕ ಒಲೆಯ ಮುಂದೆ ಕೂತಳು. ಟೀಚರ್ ತರಬೇತಿ ಮುಗಿಸಿದ್ದ ನಾನು ಬಸ್ ಹತ್ತಿದೆ. ಬೆಳಗಿನ ಬಸ್ಸಿಗೆ ಹೊರಡುವಷ್ಟರಲ್ಲಿ ನನ್ನ ಡಬ್ಬಿ ತಯಾರಿರುತ್ತಿತ್ತು: ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ನನ್ನ ಮಕ್ಕಳಿಗೆ ಜ್ವರ ಬಂದರೆ ಅವರಿಗೆ ದೊಡ್ಡವ್ವನ ಮಡಿಲು, ನನಗೆ ಶಾಲೆ.

ಮನೆಯ ಪದ್ಧತಿಯಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಆಳುಗಳು, ಎಲ್ಲರದೂ ಆದ ಮೇಲೆ ಅಡುಗೆ ಮಾಡಿದಾಕೆ. ನಾನು ದಣಿದು ಬಂದಾಕೆ ಎಂದು ಗಂಡಸರ ಬೆನ್ನಿಗೇ ನನಗೂ ಅಕ್ಕ ನೀಡಿಬಿಡುತ್ತಿದ್ದಳು. ಉಂಡು ಎದ್ದು ನಾನು ಮಕ್ಕಳ ನೋಟ್‌ಬುಕ್ ತಿದ್ದಲು ಕೂರುತ್ತಿದ್ದೆ. ಆಕೆ ಉಣ್ಣುವುದನ್ನು ಕೂತು ನೋಡಿದ್ದೇ ಇಲ್ಲ. "ಹಿರೇಸೊಸೀದು ಗುಬ್ಬಿ ಹೊಟ್ಟಿ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾವೂ ನಂಬಿದೆವು, ನಂಬಲು ಅನುಕೂಲವಾಗಿತ್ತು.

ಡಾಕ್ಟರಿಗೆ ಅಕ್ಕನೇ ತೊದಲುತ್ತ ಹೇಳಿದಳು: "ಉಳದಷ್ಟರಿ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹೊಟ್ಟಿತುಂಬ ಉಣ್ಣಲಿಲ್ಲಂದ್ರ ಇವರು ಎದ್ದು ಅಡ್ಡಾಡೂದು ಕಷ್ಟ ಐತ್ರಿ" ಎಂದರು.

ರೊಟ್ಟಿ ಬಡಿಯಲು ನಾನು ಕಲಿತದ್ದು ಅಕ್ಕ ಹಾಸಿಗೆ ಹಿಡಿದ ಮೇಲೆ. ನನ್ನ ರೊಟ್ಟಿ ಕಂಡರೆ, "ಇದು ಯಾವ ತಾಲೂಕಿನ ನಕಾಶೆ?" ಎಂದು ಕಾಡಿಸುತ್ತಿದ್ದಳು. ತಾಟು ಮುಂದಿಟ್ಟರೆ ಮಾತ್ರ ಒಂದೇ ಪ್ರಶ್ನೆ: "ಬುಟ್ಟ್ಯಾಗ ಎಷ್ಟದಾವ?" ಗಂಡಸರದು ಇನ್ನೂ ಆಗಿಲ್ಲ ಎಂದರೆ ಮುಟ್ಟುತ್ತಿರಲಿಲ್ಲ. ಆಗಿದೆ ಎಂದರೆ ಅರ್ಧ ಮುರಿದುಕೊಂಡು, "ಸಾಕು, ಸಂಜೀಕ ಯಾರಿಗರ ಆಗ್ತಾವ, ತಗದಿಡು" ಎನ್ನುತ್ತಿದ್ದಳು. ಬೇಡಿಕೊಂಡೆ, ಬೈದೆ. ಅವಳ ಕೈಬಳೆ ಮೊಣಕೈವರೆಗೆ ಜಾರತೊಡಗಿತ್ತು. ಅಕ್ಕ ನನ್ನ ಕಣ್ಣೆದುರೇ ಹಸಿದೇ ಹೋಗಿಬಿಡುತ್ತಾಳೆಂದು ಹೆದರಿದೆ.

ಡಾಕ್ಟರಿಗೆ ತೋರಿಸಿ ಬಂದ ಮರುದಿನ ಮಧ್ಯಾಹ್ನ ಅವಳನ್ನು ಅಡುಗೆಮನೆಗೇ ಕರೆತಂದು ಒಲೆಯ ಪಕ್ಕ ಕುರ್ಚಿಯಲ್ಲಿ ಕೂರಿಸಿದೆ. ಹಂಚಿನ ಮೇಲಿಂದ ಮೊದಲ ರೊಟ್ಟಿ ಅವಳ ತಾಟಿಗೆ ಹಾಕಿದೆ. ಗದ್ದೆಯಿಂದ ಬಂದ ನನ್ನ ಗಂಡ, ಬಾವ ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು.

"ಊಟಕ್ಕ ನೀಡ್ತೀಯೇನ?" ನನ್ನವರು ಕೂಗಿದರು.

"ತಡೀರಿ. ಅಕ್ಕ ಉಣ್ಣಾಕತ್ತಾಳ."

ಅಕ್ಕ ಎಡಗೈಯ ತುತ್ತನ್ನು ಹಾಗೇ ಹಿಡಿದು ಗಾಬರಿಯಾದಳು. "ಏ ಹುಚ್ಚಿ, ಅವರ್ನ ಕಾಯಿಸಬ್ಯಾಡ. ಬುಟ್ಟ್ಯಾಗ ಎಷ್ಟದಾವ?"

"ಬುಟ್ಟ್ಯಾಗ ಒಂದೂ ಇಲ್ಲ. ಡಬ್ಬಿ ತುಂಬ ಹಿಟ್ಟೈತಿ. ನೀ ಸಾಕಂದ ಮ್ಯಾಲ ಅವರ್ದು."

ಬಾವ ಬಾಗಿಲಿಗೆ ಬಂದು ನಿಂತರು. ಆಕೆ ತುತ್ತು ಬಿಟ್ಟು ಸೆರಗು ಎಳೆದುಕೊಳ್ಳಲು ಹೋದಳು. ಬಾವ ತಾಟು ನೋಡಿದರು, ಹೆಂಡತಿಯ ತೋಳು ನೋಡಿದರು. ಒಂದು ತಂಬಿಗೆ ನೀರು ತುಂಬಿ ಅವಳ ಪಕ್ಕ ಇಟ್ಟು ಹೊರಗೆ ಹೋದರು.

ಎರಡನೆಯದು ಹಾಕಿದೆ, ಬೇಡ ಎನ್ನಲಿಲ್ಲ. ಮೂರನೆಯದಕ್ಕೂ ಎನ್ನಲಿಲ್ಲ. ನಾಲ್ಕನೆಯದನ್ನು ನನ್ನ ಮುಖ ನೋಡದೆ ತಾನೇ ಕೇಳಿದಳು. ಗುಬ್ಬಿ ಹೊಟ್ಟೆಯಂತೆ! ಬೆಣ್ಣೆ ಹಚ್ಚುವಾಗ ನಾಚಿಕೆಯಿಂದ ನನಗೆ ಅಳು ಬಂತು. ಇಷ್ಟು ವರ್ಷ ನನ್ನ ಡಬ್ಬಿಯಲ್ಲಿದ್ದದ್ದು ಯಾರ ರೊಟ್ಟಿ?

ಅವಳು ನನ್ನ ಅಳು ಗಮನಿಸಲಿಲ್ಲ. ನಿಧಾನವಾಗಿ ಅಗಿಯುತ್ತ, "ಬಿಸಿ ಇದ್ದಾಗ ರೊಟ್ಟಿ ಹಿಂಗಿರ್ತಾವಲ್ಲ" ಎಂದಳು, ನಲವತ್ತು ವರ್ಷ ಈ ಮನೆಗೆಲ್ಲ ರೊಟ್ಟಿ ಬಡಿದ ನನ್ನ ಅಕ್ಕ.