ಒಂದೇ ಪೋರ್ಟಿನ ಎರಡು ಕೊಟ್ಟಿಗೆ

ಆ ದಿನ ಮಾಡಿದ ಕೆಲಸ: ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಕೊಟ್ಟಿಗೆ ಗುಡಿಸಿ ಸಗಣಿಯನ್ನು ತಿಪ್ಪೆಗೆ ಸಾಗಿಸಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ನಿಂಬೆಹಣ್ಣು ಒಂದೇ ಇತ್ತು, ಅರ್ಧ ಹಿಂಡಿ ಅರ್ಧ ಎತ್ತಿಟ್ಟೆ. ಎರಡು ಬೆಡ್‌ಶೀಟು ಒಗೆದೆ. ಹಸುವಿಗೆ ಹಸಿಹುಲ್ಲು ಹಾಕಿ, ಬೆನ್ನು ಸವರಿ, ನಾನು ಬರುವವರೆಗೆ ಸುಮ್ಮನಿರು ಎಂದು ಹೇಳಿ ನಂಜನಗೂಡಿಗೆ ಹೋಗಿ ಗ್ಯಾಸ್ ಏಜೆನ್ಸಿಯ ಮುಂದೆ ಹೆಬ್ಬೆಟ್ಟು ಒತ್ತುವ ಸಾಲಿನಲ್ಲಿ ನಿಂತೆ.

ಹಸು ಇವತ್ತೋ ನಾಳೆಯೋ ಈಯುವಂತಿತ್ತು. ಹೋದ ಸಲ ಅದರ ಕರು ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ನನಗೆ ನಮ್ಮೂರು ಕಳಲೆಯನ್ನು ಬಿಟ್ಟು ಹೊರಡುವ ಮನಸ್ಸೇ ಇರಲಿಲ್ಲ. ಆದರೆ ಟಿ. ನರಸೀಪುರದ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಯಜಮಾನರು ಬಸ್ಸಿಗೆ ಹೊರಡುವಾಗಲೇ ತೀರ್ಪು ಕೊಟ್ಟಿದ್ದರು. "ಕ್ಯಾಮೆರಾ ಯಾಕೆ ಆಕ್ಸಿರಾದು? ಫೋನಲ್ಲಿ ನೋಡ್ಕೊ. ನಾನೂ ಆಫೀಸಿಂದ ನೋಡ್ತಿರ್ತೀನಿ." ಕಚೇರಿಯಲ್ಲಿ ಅವರಿಗೆ ನೋಡಲು ಬೇರೇನೂ ಇರುವುದಿಲ್ಲವೆಂದು ನನಗೂ ಗೊತ್ತಿತ್ತು.

ನಮ್ಮ ಮನೆಯ ವಿಷಯ ಒಂದಿಷ್ಟು ಹೇಳಬೇಕು. ಯಜಮಾನರಿಗೂ ಅವರ ತಮ್ಮನಿಗೂ ಭಾಗವಾದಾಗ ಉದ್ದನೆಯ ಕೊಟ್ಟಿಗೆಗೆ ನಡುವೆ ಗೋಡೆ ಎದ್ದಿತು. ಒಂದೇ ತಾಯಿಯ, ಒಂದೇ ಬಣ್ಣದ ಎರಡು ಹಸುಗಳಲ್ಲಿ ಆಚೆಗೊಂದು, ಈಚೆಗೊಂದು ಹೋದವು. ಇಂಟರ್‌ನೆಟ್ ಮಾತ್ರ ಎರಡೂ ಮನೆಗೆ ಒಂದೇ ಉಳಿಯಿತು. ಅಣ್ಣತಮ್ಮಂದಿರ ಪ್ರೀತಿ ಏನಾದರೂ ಉಳಿದಿದ್ದರೆ ಅದು ನಡುಮನೆಯ ಆ ವೈಫೈ ಡಬ್ಬಿಯಲ್ಲಿಯೇ. ನಾವು ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದ ಮೇಲೆ ಓರಗಿತ್ತಿ ಸುಮ್ಮನಿರುತ್ತಾಳೆಯೇ? ಮೊನ್ನೆ ತಾನೇ ಅವಳೂ ಹಾಕಿಸಿದಳು. ಅದೇ ಕ್ಯಾಮೆರಾದವರು, ಅದೇ ಕಂಪನಿ, ಅದೇ ಮೂಲೆ. ಮರೆಯಬಾರದೆಂದು ಪಾಸ್‌ವರ್ಡೂ ಅದೇ.

ಸಾಲಿನಲ್ಲಿ ನಿಂತು ಫೋನು ತೆಗೆದೆ. ಚಿತ್ರ ನಡುನಡುವೆ ಚೌಕ ಚೌಕವಾಗಿ ಒಡೆಯುತ್ತಿತ್ತು. ಹಿಂದಿನಿಂದ ಕಾಣುತ್ತಿದ್ದ ಹಸು ಮಾತ್ರ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ನಿಮ್ಮಸನಾ? ಏನ್ ಸಮಾಧಾನ ನೋಡಿ ಅದಕ್ಕೆ!" ಎಂದರು ಹಿಂದೆ ನಿಂತಿದ್ದ ಹೆಂಗಸು.

"ನಾವು ಸಾಕಿರೋ ರೀತಿ" ಎಂದೆ, ಸ್ವಲ್ಪ ಜಂಬದಿಂದಲೇ.

ಅಷ್ಟರಲ್ಲಿ ಓರಗಿತ್ತಿಯ ಫೋನು. ಹಿಂದಿನ ದಿನ ಒಣಹಾಕಿದ್ದ ನನ್ನ ಸೀರೆಯ ನೆರಳು ಅವಳ ಮೆಣಸಿನಕಾಯಿಯ ಮೇಲೆ ಬಿತ್ತೆಂದು ಜಗಳವಾಗಿತ್ತು. ಇವತ್ತು ಬೆಡ್‌ಶೀಟಿನ ಸರದಿ ಇರಬೇಕೆಂದು ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಮೂರನೆಯದನ್ನೂ ಕಟ್ ಮಾಡಿದೆ. ನಾಲ್ಕನೆಯ ಸಲ ಬೈಯಬೇಕೆಂದೇ ಎತ್ತಿದೆ.

"ಯಾಕಕ್ಕ ಕಟ್ ಮಾಡೀಯೆ? ನಿಮ್ಮಸ ನೋವು ತಿಂತಾ ಅದೆ. ಕರುದು ಒಂದೇ ಕಾಲು ಈಚೆಗೆ ಬಂದದೆ!"

"ಸುಮ್ನಿರಮ್ಮ, ನಾನಿಲ್ಲಿ ನೋಡ್ತಾನೇ ಇವ್ನಿ. ಆರಾಮಾಗಿ ಮೆಲುಕಾಕ್ತಾ ಅದೆ."

"ಅದರ ಪಕ್ಕದಲ್ಲೇ ನಿಂತಿವ್ನಿ ಕಣಕ್ಕ! ಕೈ ಎತ್ತಿವ್ನಿ ನೋಡು. ಕಾಣ್ತೀನಾ?"

ಫೋನನ್ನು ಕಿವಿಯಿಂದ ತೆಗೆದು ಮತ್ತೆ ಕ್ಯಾಮೆರಾ ನೋಡಿದೆ. ಹಸು ಇತ್ತು, ಗೋಡೆ ಇತ್ತು, ಹುಲ್ಲು ಇತ್ತು. ಓರಗಿತ್ತಿ ಇರಲಿಲ್ಲ.

"ಕಾಣ್ತಿಲ್ಲ" ಎಂದೆ.

"ಅಂಗಾರೆ ನೀ ನೋಡ್ತಿರಾದು ನನ್ನಸನ! ಡಾಕ್ಟ್ರಿಗೆ ಏಳಿ ಕಳ್ಸಿವ್ನಿ, ಬೇಗ ಬಾ!"

ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ ಇದ್ದರು. ಹೆಬ್ಬೆಟ್ಟನ್ನು ನಾಳೆಗೆ ಉಳಿಸಿಕೊಂಡು ಆಟೋ ಹಿಡಿದೆ. ದಾರಿಯಲ್ಲಿ ಯಜಮಾನರಿಗೆ ಫೋನು ಮಾಡಿ, ಹಸು ನೋವು ತಿನ್ನುತ್ತಿದೆ ಎಂದೆ.

"ಯಾರೇ ಏಳಿದ್ದು? ನನ್ ಕಣ್ಮುಂದೇನೇ ಅದೆ, ಮೆಲುಕಾಕ್ತಾ ಅದೆ!" ಎಂದರು. ಕಚೇರಿಯ ಇನ್ನಿಬ್ಬರಿಗೂ ತೋರಿಸಿ ಖಚಿತಪಡಿಸಿಕೊಂಡಿದ್ದರಂತೆ. ಮೂರು ಜನ ಸರ್ಕಾರಿ ನೌಕರರು ಸಾಕ್ಷಿ ಹೇಳಿದ ಮೇಲೂ ನಮ್ಮ ಹಸು ನೋವು ನಿಲ್ಲಿಸಲಿಲ್ಲ.

ನಾನು ಕೊಟ್ಟಿಗೆಗೆ ಓಡಿ ಬರುವಾಗ ದನದ ಡಾಕ್ಟರು, ಒಳಗೆ ಮಡಿಸಿಕೊಂಡಿದ್ದ ಕರುವಿನ ಇನ್ನೊಂದು ಕಾಲನ್ನು ನೆಟ್ಟಗೆ ಮಾಡಿದ್ದರು. ಓರಗಿತ್ತಿ ಸೀರೆ ಎತ್ತಿ ಕಟ್ಟಿ ಎಳೆಯುತ್ತಿದ್ದಳು. ನಾನೂ ಕೈ ಹಾಕಿದೆ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಉಸಿರಾಡಲಿಲ್ಲ. ಓರಗಿತ್ತಿ ಅದರ ಮೂಗು ಬಾಯಿ ಒರೆಸಿ, ಒಂದು ಹುಲ್ಲುಕಡ್ಡಿಯನ್ನು ಮೂಗಿಗೆ ತುರುಕಿದಳು. ಕರು ಸೀನಿತು. ಹೆಣ್ಣುಗರು.

"ಅರ್ಧ ಗಂಟೆ ತಡವಾಗಿದ್ರೆ ಇದೂ ಇರ್ತಿರ್ಲಿಲ್ಲ ಕಣಮ್ಮ" ಎಂದರು ಡಾಕ್ಟರು, ನನ್ನ ಕೈಯಲ್ಲಿದ್ದ ಫೋನು ನೋಡುತ್ತಾ. ಅದರಲ್ಲಿ ಹಸು ಇನ್ನೂ ಮೆಲುಕು ಹಾಕುತ್ತಿತ್ತು.

ಸಂಜೆ ಕ್ಯಾಮೆರಾದವರನ್ನು ಕರೆಸಿದೆವು. ಮದುವೆ ದಿನಗಳಲ್ಲಿ ಸೀರಿಯಲ್ ಲೈಟು, ಉಳಿದ ದಿನ ಕ್ಯಾಮೆರಾ ಹಾಕುವ, ನನ್ನ ವಯಸ್ಸಿನ ಮನುಷ್ಯ. ತಪ್ಪು ತಮ್ಮದೆನ್ನುವ ಸುಳಿವು ಮುಖದಲ್ಲಿ ಎಲ್ಲಿಯೂ ಇರಲಿಲ್ಲ.

"ನೋಡಕ್ಕ, ನಿಮ್ ಮನೆ ಲೈನಿಗೆ ಒರಗಡೆಯಿಂದ ಅಡ್ರೆಸ್ ಒಂದೇ. ಒಳಗಡೆ ಯಾರ್ನ ಕೇಳ್ಕೊಂಡು ಬಂದ್ರು ಅಂತ ಗೊತ್ತಾಗಾಕೆ ಪೋರ್ಟ್ ನಂಬರ್ ಇರ್ತದೆ. ವೆಬ್‌ಸೈಟಿಗೆ ನಾನೂರ ನಲವತ್ಮೂರು, ಇ-ಮೇಲಿಗೆ ಬೇರೆ, ನಿಮ್ ಕ್ಯಾಮೆರಾ ಡಬ್ಬಕ್ಕೆ ಎಂಟು ಸಾವಿರ. ಅವ್ರ ಡಬ್ಬಕ್ಕೂ ಕಂಪನಿಯವರು ಎಂಟು ಸಾವಿರಾನೇ ಕೊಟ್ಟವ್ರೆ. ಒಂದು ನಂಬರ್ ಎರಡು ಕಡೆಗೆ ಓಗಲ್ಲ. ಮೊನ್ನೆ ಅದನ್ನ ಅವ್ರ ಕಡೆಗೆ ತಿರುಗಿಸ್ದೆ."

"ನಮಗೆ ಏಳ್ಬೇಕು ಅನ್ನಿಸ್ಲಿಲ್ವಾ?" ಎಂದರು ಯಜಮಾನರು.

"ಪಿಚ್ಚರ್ ಬತ್ತಾ ಇತ್ತಲ್ಲ ಸಾ, ನೀವೂ ಕಂಪ್ಲೇಂಟ್ ಮಾಡ್ಲಿಲ್ಲ."

ನಮ್ಮದನ್ನು ಎಂಟು ಸಾವಿರದ ಒಂದಕ್ಕೆ ಬದಲಾಯಿಸಿದರು. ಚಿತ್ರ ಯಾಕೆ ಚೌಕವಾಗಿ ಒಡೆಯುತ್ತದೆ ಎಂದೂ ಕೇಳಿದೆ. ಕಳಿಸಲು ಎರಡು ವಿಧವಂತೆ. ಟಿಸಿಪಿ ಎನ್ನುವುದು ಪ್ರತಿ ಚೂರಿಗೂ ತಲುಪಿತೇ ಎಂದು ಕೇಳಿ, ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ. ಯುಡಿಪಿ ಎನ್ನುವುದು ಎಸೆದು ಹೋಗುತ್ತಿರುತ್ತದೆ, ಸಿಕ್ಕವರಿಗೆ ಸಿಕ್ಕಿತು. "ಲೈವ್‌ಗೆ ಎರಡನೇದು ಇಟ್ಟಿವ್ನಿ. ಬಿಟ್ಟೋದ ಚೂರಿಗೆ ಕಾಯ್ತಾ ಕೂತ್ರೆ ಪಿಚ್ಚರ್ ಇಂದಕ್ಕೇ ಉಳ್ಕತದೆ."

ಎರಡನ್ನೂ ನಾನು ಮೊದಲೇ ಬಲ್ಲೆ. ಬೆಳಿಗ್ಗೆ ಅಪ್ಪಣೆ ಎಸೆದು, ತಲುಪಿತೇ ಎಂದು ನೋಡದೆ ಬಸ್ಸು ಹತ್ತುವವರೊಂದಿಗೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ. ಕಟ್ ಮಾಡಿದಷ್ಟೂ ಮತ್ತೆ ಫೋನು ಮಾಡಿದವಳು ಗೋಡೆಯ ಆಚೆಗಿದ್ದಳು.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಕರು ಕುಡಿದು ಉಳಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿದೆ. ಮೊದಲ ಬಟ್ಟಲು ಆಚೆ ಮನೆಗೆ ಕೊಟ್ಟುಬಂದೆ. "ಬೆಲ್ಲ ಕಮ್ಮಿ ಆಯ್ತು ಕಣಕ್ಕ" ಎಂದಳು, ಬಟ್ಟಲು ಮಾತ್ರ ಬಳಿದಿಟ್ಟಳು. ಮೆಣಸಿನಕಾಯಿಯ ಮಾತು ಇಬ್ಬರೂ ಎತ್ತಲಿಲ್ಲ.

ಮೊದಲು ಮಲಗಿದ್ದು ಕರು. ಆಮೇಲೆ ಯಜಮಾನರು, ಹತ್ತು ಹೆಜ್ಜೆ ಆಚೆಗಿರುವ ಕೊಟ್ಟಿಗೆಯನ್ನು ಫೋನಿನಲ್ಲಿ ನೋಡುತ್ತಾ ನೋಡುತ್ತಾ. ನಾನು ಎದ್ದು ಹೋಗಿ ಕರುವನ್ನು ಮುಟ್ಟಿ ನೋಡಿ ಬಂದು ಮಲಗಿದೆ.